ಮಣ್ಣು ಒಂದೇ, ಕಟ್ಟಳೆ ಬೇರೆ
(ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬೇಸಾಯದ ಸಭೆಯೆಂದರೆ ಬಿತ್ತನೆ ಬೀಜ, ಗೊಬ್ಬರ, ಔಷಧಿ ಇವುಗಳ ಮಾತು ಬರುವುದು ವಾಡಿಕೆ. ಇಂದು ನಾನು ಅವುಗಳಲ್ಲಿ ಯಾವುದನ್ನೂ ಹೇಳಲು ಬಂದಿಲ್ಲ. ಬೆಳೆಯನ್ನು ಹೆಚ್ಚಿಸುವ ಅಥವಾ ಕುಗ್ಗಿಸುವ ಇನ್ನೊಂದು ವಸ್ತುವಿದೆ. ಅದು ಅಂಗಡಿಯಲ್ಲಿ ಸಿಗುವುದಿಲ್ಲ; ಹೊಲದಲ್ಲಿ ಕಣ್ಣಿಗೆ ಕಾಣುವುದೂ ಇಲ್ಲ. ಅದೇ ಕಟ್ಟಳೆ. ಭೂಮಿ ಯಾರ ಹೆಸರಿನಲ್ಲಿರಬೇಕು, ಬೆಳೆದದ್ದರಲ್ಲಿ ಯಾರಿಗೆ ಎಷ್ಟು ಪಾಲು, ಕೆರೆಯ ನೀರು ಯಾವ ಗದ್ದೆಗೆ ಮೊದಲು, ಊರಿನ ಹಣವನ್ನು ಯಾರು ಎಲ್ಲಿ ಖರ್ಚು ಮಾಡಬೇಕು—ಇವನ್ನೆಲ್ಲ ಗೊತ್ತುಮಾಡುವ ಕಾನೂನು, ಪದ್ಧತಿ, ಸಂಸ್ಥೆ ಎಲ್ಲವನ್ನೂ ಸೇರಿಸಿ ನಾನು ಕಟ್ಟಳೆ ಎಂದು ಕರೆಯುತ್ತಿದ್ದೇನೆ.

ಕಟ್ಟಳೆ ಬದಲಾದರೆ ಬೆಳೆ ಬದಲಾದೀತೆ? ಮಳೆ ಬಂದರೆ ಬೆಳೆ, ಬಾರದಿದ್ದರೆ ಇಲ್ಲ. ಇದರಲ್ಲಿ ಕಟ್ಟಳೆಗೇನು ಕೆಲಸ ಎಂದು ನೀವು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಸರಿ. ಈ ಪ್ರಶ್ನೆಯನ್ನು ಹಿಡಿದು ಅರ್ಥಶಾಸ್ತ್ರಜ್ಞರು ಬಹಳ ಕೆಲಸ ಮಾಡಿದ್ದಾರೆ. ದೇಶಗಳ ಕಟ್ಟಳೆಗಳು ಹೇಗೆ ಹುಟ್ಟುತ್ತವೆ, ಅವು ಜನರ ಬಡತನ ಸಿರಿತನಗಳನ್ನು ಹೇಗೆ ನಿರ್ಧರಿಸುತ್ತವೆ ಎಂಬುದನ್ನು ಶೋಧಿಸಿದ ಡ್ಯಾರನ್ ಅಸೆಮೊಗ್ಲು, ಸೈಮನ್ ಜಾನ್ಸನ್, ಜೇಮ್ಸ್ ರಾಬಿನ್ಸನ್ ಎಂಬ ಮೂವರಿಗೆ ೨೦೨೪ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನವೂ ಬಂತು. ಆದರೆ ದೂರದ ದೇಶಗಳ ಸಂಗತಿ ನಮಗೆ ಬೇಡ. ನಮ್ಮ ದೇಶದ ಹೊಲಗದ್ದೆಗಳಲ್ಲಿಯೇ ನಡೆದ ಪರೀಕ್ಷೆಗಳನ್ನು ನೋಡೋಣ.

ಎರಡು ಪಟ್ಟೆಗಳ ಪರೀಕ್ಷೆ

ಹೊಸ ಗೊಬ್ಬರವೊಂದು ಕೆಲಸ ಮಾಡುತ್ತದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ನೀವೇನು ಮಾಡುತ್ತೀರಿ? ಒಂದೇ ಹೊಲದಲ್ಲಿ ಎರಡು ಪಟ್ಟೆ ಗುರುತು ಮಾಡುತ್ತೀರಿ. ಒಂದಕ್ಕೆ ಹಾಕುತ್ತೀರಿ, ಇನ್ನೊಂದಕ್ಕೆ ಹಾಕುವುದಿಲ್ಲ. ಬೀಜ, ಉಳುಮೆ, ನೀರು ಎಲ್ಲವೂ ಸಮ. ಸುಗ್ಗಿಯಲ್ಲಿ ಎರಡನ್ನೂ ಬೇರೆಬೇರೆಯಾಗಿ ಅಳೆದರೆ ಗೊಬ್ಬರದ ಗುಣ ಗೊತ್ತಾಗುತ್ತದೆ. ತಗ್ಗಿನ ಫಲವತ್ತಾದ ಮಡಿಗೆ ಗೊಬ್ಬರ ಹಾಕಿ, ದಿನ್ನೆಯ ಮಡಿಯನ್ನು ಹಾಗೆಯೇ ಬಿಟ್ಟು, ‘ನೋಡಿ ಗೊಬ್ಬರದ ಮಹಿಮೆ’ ಎಂದರೆ ಯಾವ ರೈತನೂ ಒಪ್ಪುವುದಿಲ್ಲ.

ಕಟ್ಟಳೆಯನ್ನು ಪರೀಕ್ಷಿಸುವುದೂ ಹೀಗೆಯೇ. ಒಂದೇ ಬಗೆಯ ಮಣ್ಣು, ಒಂದೇ ಬಗೆಯ ಮಳೆ, ಒಂದೇ ಬಗೆಯ ಜನ. ಒಂದು ಕಡೆ ಒಂದು ಕಟ್ಟಳೆ, ಇನ್ನೊಂದು ಕಡೆ ಬೇರೆ ಕಟ್ಟಳೆ. ಅಂಥ ಜಾಗಗಳನ್ನು ಹುಡುಕಿ ಎರಡೂ ಕಡೆಯ ಕಣಗಳನ್ನು ಅಳೆದು ನೋಡುವುದು.

ಜಮೀನ್ದಾರನ ಸೀಮೆ, ರೈತನ ಸೀಮೆ

ಬ್ರಿಟಿಷರು ಈ ದೇಶದಲ್ಲಿ ಭೂಕಂದಾಯವನ್ನು ಎಲ್ಲೆಡೆಯೂ ಒಂದೇ ರೀತಿಯಲ್ಲಿ ವಸೂಲು ಮಾಡಲಿಲ್ಲ. ೧೭೯೩ರಲ್ಲಿ ಬಂಗಾಳದಲ್ಲಿ ಕಾರ್ನ್‌ವಾಲಿಸನು ಜಮೀನ್ದಾರರಿಗೆ ಭೂಮಿಯ ಒಡೆತನವನ್ನು ಕೊಟ್ಟು, ಅವರು ಸರ್ಕಾರಕ್ಕೆ ಸಲ್ಲಿಸಬೇಕಾದ ಕಂದಾಯವನ್ನು ಕಾಯಮ್ಮಾಗಿ ಗೊತ್ತುಮಾಡಿದನು. ರೈತನಿಂದ ಎಷ್ಟು ಕೀಳಬೇಕೆಂಬುದು ಜಮೀನ್ದಾರನ ಕೈಗೆ ಬಂತು. ದಕ್ಷಿಣದಲ್ಲಿ ಹಾಗಾಗಲಿಲ್ಲ. ಇಲ್ಲಿ ಥಾಮಸ್ ಮನ್ರೋ ಮುಂತಾದ ಅಧಿಕಾರಿಗಳು, ಸರ್ಕಾರ ಮತ್ತು ರೈತನ ನಡುವೆ ಮೂರನೆಯವನು ಬೇಡ, ಪ್ರತಿಯೊಬ್ಬ ರೈತನ ಹೆಸರಿನಲ್ಲಿಯೇ ಪಟ್ಟಾ ಆಗಬೇಕು, ಅವನೇ ನೇರವಾಗಿ ಕಂದಾಯ ಕಟ್ಟಬೇಕು ಎಂದು ವಾದಿಸಿದರು. ಇದಕ್ಕೆ ರಯತವಾರಿ ಎಂದು ಹೆಸರು. ಮನ್ರೋ ನಮ್ಮ ನಾಡಿಗೆ ಹೊಸಬನಲ್ಲ. ೧೭೯೯ರಲ್ಲಿ ಕನ್ನಡ ಜಿಲ್ಲೆಯ ಕಲೆಕ್ಟರನಾಗಿ, ಆಮೇಲೆ ೧೮೦೦ರಿಂದ ೧೮೦೭ರವರೆಗೆ ಬಳ್ಳಾರಿಯನ್ನೊಳಗೊಂಡ ದತ್ತ ಜಿಲ್ಲೆಗಳಲ್ಲಿ ಕೆಲಸ ಮಾಡಿದವನು. ೧೮೨೦ರಲ್ಲಿ ಮದರಾಸಿನ ಗವರ್ನರನಾದ ಮೇಲೆ ಈ ಪದ್ಧತಿಗೆ ಬಲ ಬಂತು.

ರಯತವಾರಿಯೆಂದರೆ ಸ್ವರ್ಗವೆಂದು ತಿಳಿಯಬೇಡಿ. ಕಂದಾಯದ ಹೊರೆ ಅಲ್ಲಿಯೂ ಇತ್ತು, ಸಾಹುಕಾರನ ಬಡ್ಡಿಯೂ ಇತ್ತು. ೧೮೭೫ರಲ್ಲಿ ಪುಣೆ, ಅಹಮದ್‌ನಗರ ಜಿಲ್ಲೆಗಳ ರೈತರು ಸಾಹುಕಾರರ ಸಾಲಪತ್ರಗಳನ್ನು ಕಿತ್ತು ಸುಟ್ಟದ್ದು ರಯತವಾರಿ ಸೀಮೆಯಲ್ಲಿಯೇ. ಆದರೂ ಭೂಮಿ ರೈತನ ಹೆಸರಿನಲ್ಲಿತ್ತು.

ದೇಶ ಸ್ವತಂತ್ರವಾಯಿತು. ೧೯೫೦ರ ದಶಕದಲ್ಲಿ ಒಂದೊಂದೇ ರಾಜ್ಯದಲ್ಲಿ ಜಮೀನ್ದಾರಿ ರದ್ದಾಯಿತು. ಕಟ್ಟಳೆ ಹೋಯಿತು, ಅದರೊಂದಿಗೆ ಅದರ ಫಲವೂ ಹೋಯಿತೆ? ಅಭಿಜಿತ್ ಬ್ಯಾನರ್ಜಿ ಮತ್ತು ಲಕ್ಷ್ಮಿ ಅಯ್ಯರ್ ಎಂಬ ಇಬ್ಬರು ವಿದ್ವಾಂಸರು ಈ ಪ್ರಶ್ನೆಯನ್ನು ಹಾಕಿಕೊಂಡು, ಸ್ವಾತಂತ್ರ್ಯಾನಂತರದ ಜಿಲ್ಲೆವಾರು ಲೆಕ್ಕಗಳನ್ನು ತೆಗೆದು ನೋಡಿದರು. ೨೦೦೫ರಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ, ಹಿಂದೆ ರೈತರಿಗೆ ಒಡೆತನವಿದ್ದ ಜಿಲ್ಲೆಗಳಲ್ಲಿ ಗೋಧಿಯ ಇಳುವರಿ ಶೇಕಡ ೨೩ರಷ್ಟು, ಒಟ್ಟು ಬೆಳೆಯ ಇಳುವರಿ ಶೇಕಡ ೧೬ರಷ್ಟು ಹೆಚ್ಚು. ನೀರಾವರಿ, ಗೊಬ್ಬರ, ಸುಧಾರಿತ ಬೀಜ, ಶಾಲೆ, ಆಸ್ಪತ್ರೆ ಇವುಗಳಲ್ಲಿಯೂ ಜಮೀನ್ದಾರಿ ಸೀಮೆ ಹಿಂದೆ ಬಿದ್ದಿತ್ತು.

ಜಮೀನ್ದಾರಿ ಸೀಮೆಯ ಮಣ್ಣೇ ಕೆಟ್ಟದ್ದಿರಬಹುದಲ್ಲ ಎಂದು ನಿಮಗೆ ಅನುಮಾನ ಬಂದೀತು. ಇಲ್ಲ, ಮಳೆ ಮಣ್ಣು ಎರಡರಲ್ಲಿಯೂ ಆ ಸೀಮೆಯೇ ಒಟ್ಟಿನಲ್ಲಿ ಒಂದು ಕೈ ಮೇಲು. ಅಕ್ಕಪಕ್ಕದ ಜಿಲ್ಲೆಗಳನ್ನು ಮಾತ್ರ ಜೋಡಿಸಿ ನೋಡಿದಾಗಲೂ ಅಂತರ ಕಂಡುಬಂತು. ಇನ್ನೂ ಗಮನಿಸತಕ್ಕ ಸಂಗತಿಯೆಂದರೆ ೧೯೬೫ರಿಂದೀಚೆಗೆ, ಸರ್ಕಾರವು ಹೊಸ ಬೀಜ, ಗೊಬ್ಬರ, ನೀರಾವರಿ ಎಂದು ಹಳ್ಳಿಗಳಿಗೆ ಹಣ ಸುರಿಯತೊಡಗಿದ ಮೇಲೆ, ಈ ಅಂತರ ಕಡಿಮೆಯಾಗುವ ಬದಲು ಹೆಚ್ಚಾಯಿತು. ಒಡೆಯ ಮತ್ತು ಒಕ್ಕಲು ಎಂದು ತಲೆತಲಾಂತರದಿಂದ ಒಡೆದು ಹೋಗಿದ್ದ ಊರುಗಳು ಒಗ್ಗಟ್ಟಾಗಿ ‘ನಮಗೆ ಕಾಲುವೆ ಕೊಡಿ, ಶಾಲೆ ಕೊಡಿ’ ಎಂದು ಕೇಳಲಾರದೆ ಹೋಗಿರಬೇಕು ಎಂಬುದು ಆ ವಿದ್ವಾಂಸರ ಊಹೆ.

ಎಲ್ಲರೂ ಇದನ್ನು ಒಪ್ಪಿಲ್ಲವೆಂಬುದನ್ನೂ ಹೇಳಬೇಕು. ಹಳೆಯ ಮಧ್ಯಪ್ರಾಂತ್ಯದ ಜಿಲ್ಲೆಗಳನ್ನು ಯಾವ ಗುಂಪಿಗೆ ಸೇರಿಸಬೇಕೆಂಬ ತಕರಾರನ್ನು ತೆಗೆದು, ಆ ವಿಂಗಡಣೆಯನ್ನು ಸರಿಪಡಿಸಿದರೆ ಬೇಸಾಯದಲ್ಲಿನ ಈ ಅಂತರ ನಿಲ್ಲುವುದಿಲ್ಲವೆಂದು ೨೦೧೩ರಲ್ಲಿ ಬೇರೆ ವಿದ್ವಾಂಸರು ಬರೆದರು. ಒಂದು ಲೆಕ್ಕವನ್ನು ಇನ್ನೊಬ್ಬರು ಕೂಡಿ ನೋಡುವುದು ಒಳ್ಳೆಯದೇ. ಆದುದರಿಂದ ಜಿಲ್ಲೆಗಳನ್ನು ಬಿಟ್ಟು ಒಂದು ಹೊಲಕ್ಕೆ ಇಳಿದು ನೋಡೋಣ.

ಅರ್ಧ ಪಾಲು, ಮುಕ್ಕಾಲು ಪಾಲು

ನೀವು ಬೇರೆಯವರ ಹೊಲವನ್ನು ಅರ್ಧ ಪಾಲಿಗೆ ಮಾಡುತ್ತಿದ್ದೀರೆಂದು ಇಟ್ಟುಕೊಳ್ಳಿ. ಸಾವಿರ ರೂಪಾಯಿನ ಗೊಬ್ಬರ ಹಾಕಿದರೆ ಸಾವಿರದ ಆರುನೂರು ರೂಪಾಯಿನ ಕಾಳು ಹೆಚ್ಚಿಗೆ ಬರುವಂತಿದೆ. ಭೂಮಿಯ ದೃಷ್ಟಿಯಿಂದ ಆರುನೂರು ಲಾಭ. ಆದರೆ ಗೊಬ್ಬರದ ಖರ್ಚು ಪೂರ್ತಿ ನಿಮ್ಮದು. ಹೆಚ್ಚಿನ ಕಾಳಿನಲ್ಲಿ ಅರ್ಧ ಒಡೆಯನದು. ನಿಮಗೆ ಬಂದದ್ದು ಎಂಟುನೂರು. ಅಂದರೆ ಇನ್ನೂರು ನಷ್ಟ! ನೀವು ಗೊಬ್ಬರ ಹಾಕುತ್ತೀರಾ? ಬುದ್ಧಿಯಿದ್ದವನು ಹಾಕುವುದಿಲ್ಲ. ಇದನ್ನು ನೋಡಿ ಹೊರಗಿನವರು ‘ಈ ರೈತ ಸೋಮಾರಿ, ಹಳೆಯ ಕಾಲದವನು’ ಎನ್ನುತ್ತಾರೆ. ಅವನು ಸೋಮಾರಿಯಲ್ಲ, ಲೆಕ್ಕ ಬಲ್ಲವನು.

ಈಗ ಕಟ್ಟಳೆಯನ್ನಷ್ಟೇ ಬದಲಿಸಿ. ನಿಮ್ಮ ಪಾಲು ಅರ್ಧದಿಂದ ಮುಕ್ಕಾಲಾಗಲಿ. ಅದೇ ಸಾವಿರದ ಆರುನೂರರಲ್ಲಿ ನಿಮಗೆ ಸಾವಿರದ ಇನ್ನೂರು ಬಂತು. ಖರ್ಚು ಕಳೆದು ಇನ್ನೂರು ಲಾಭ. ಈಗ ನೀವು ಗೊಬ್ಬರ ಹಾಕುತ್ತೀರಿ. ಮಣ್ಣು ಅದೇ, ಗೊಬ್ಬರ ಅದೇ, ಮನುಷ್ಯನೂ ಅವನೇ. ‘ತಾ ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು’ ಎಂದು ನಮ್ಮ ಹಿರಿಯರು ಗಾದೆ ಕಟ್ಟಿದ್ದು ಇದನ್ನು ಕಂಡೇ.

ಈ ಮುಕ್ಕಾಲು ಪಾಲಿನ ಲೆಕ್ಕ ನಾನು ಸುಮ್ಮನೆ ಹೇಳಿದ್ದಲ್ಲ. ಪಶ್ಚಿಮ ಬಂಗಾಳದಲ್ಲಿ ಪಾಲಿಗೆ ಬೇಸಾಯ ಮಾಡುವವನನ್ನು ಬರ್ಗಾದಾರನೆನ್ನುತ್ತಾರೆ. ಅಲ್ಲಿನ ಕಾನೂನು ಅವನಿಗೆ ಬೆಳೆಯ ಮುಕ್ಕಾಲು ಪಾಲನ್ನೂ, ಒಡೆಯನ ಕಾಲು ಪಾಲನ್ನು ಸಲ್ಲಿಸುತ್ತಿರುವ ತನಕ ಬಿಡಿಸಬಾರದೆಂಬ ಹಕ್ಕನ್ನೂ, ಅದನ್ನು ಮಕ್ಕಳಿಗೆ ಬಿಟ್ಟುಹೋಗುವ ಹಕ್ಕನ್ನೂ ಕೊಟ್ಟಿತು. ಆದರೆ ಹಕ್ಕು ಬೇಕಾದವನು ಸರ್ಕಾರಿ ದಫ್ತರದಲ್ಲಿ ಹೆಸರು ಬರೆಸಬೇಕಿತ್ತು. ಒಡೆಯನ ಕಣ್ಣಿಗೆ ಬಿದ್ದು ಕಚೇರಿಯ ಮೆಟ್ಟಿಲು ಹತ್ತುವ ಧೈರ್ಯ ಯಾರಿಗಿದೆ? ಆದ್ದರಿಂದ ಬಹುಕಾಲ ಕಾನೂನು ಪುಸ್ತಕದಲ್ಲಿತ್ತು, ಹೊಲದಲ್ಲಿರಲಿಲ್ಲ.

೧೯೭೮ರಲ್ಲಿ ಆ ಸರ್ಕಾರ ಒಂದು ಸಣ್ಣ ಉಪಾಯ ಮಾಡಿತು. ರೈತನು ಕಚೇರಿಗೆ ಬರುವ ಬದಲು ಕಚೇರಿಯೇ ರೈತನ ಕೇರಿಗೆ ಹೋಯಿತು. ಅಧಿಕಾರಿಗಳು ಹಳ್ಳಿಯಲ್ಲಿ ಬಿಡಾರ ಮಾಡಿ, ಹೊಲದ ಕೆಲಸ ಮುಗಿದ ಮೇಲೆ ಸಂಜೆಯ ಹೊತ್ತು ಜನರನ್ನು ಕೂಡಿಸಿ, ಯಾರು ಯಾವ ಹೊಲವನ್ನು ಉಳುತ್ತಿದ್ದಾರೆಂದು ಎಲ್ಲರೆದುರಿಗೆ ಕೇಳಿ ಬರೆದುಕೊಂಡರು. ಇದೇ ‘ಆಪರೇಷನ್ ಬರ್ಗಾ’. ಒಬ್ಬೊಬ್ಬರೇ ಹೋಗಲು ಅಂಜುತ್ತಿದ್ದವರು ಹತ್ತು ಜನರ ನಡುವೆ ಬಾಯಿ ಬಿಟ್ಟರು. ೧೯೯೩ರ ಹೊತ್ತಿಗೆ ಬರ್ಗಾದಾರರಲ್ಲಿ ನೂರಕ್ಕೆ ೬೫ ಮಂದಿಯ ಹೆಸರು ದಾಖಲಾಗಿತ್ತು.

ಬ್ಯಾನರ್ಜಿ, ಪಾಲ್ ಗರ್ಟ್ಲರ್, ಮೈತ್ರೀಶ್ ಘಟಕ್ ಎಂಬ ಮೂವರು ಇದರ ಫಲವನ್ನು ಅಳೆದು ೨೦೦೨ರಲ್ಲಿ ಪ್ರಕಟಿಸಿದರು. ಅವರು ಹೋಲಿಸಿ ನೋಡಿದ್ದು ಗಡಿಯಾಚೆಯ ಬಾಂಗ್ಲಾದೇಶವನ್ನು. ಅದೇ ಬಗೆಯ ಹವೆ, ಅದೇ ಬತ್ತ, ಆದರೆ ಈ ಕಟ್ಟಳೆಯಿಲ್ಲ. ಪಶ್ಚಿಮ ಬಂಗಾಳದಲ್ಲಿ ಆ ಮೇಲೆ ಇಳುವರಿ ಹೆಚ್ಚಿದುದರಲ್ಲಿ ಸುಮಾರು ಶೇಕಡ ೨೮ರಷ್ಟು ಈ ಹೆಸರು ಬರೆಸಿದ್ದರಿಂದಲೇ ಆದದ್ದೆಂದು ಅವರಿಗೆ ಕಂಡಿತು.

ಇಲ್ಲಿಯೂ ಇನ್ನೊಂದು ಮಾತಿದೆ. ಪ್ರಣಬ್ ಬರ್ಧನ್ ಮತ್ತು ದಿಲೀಪ್ ಮುಖರ್ಜಿ ಎಂಬವರು ೧೯೮೨ರಿಂದ ೧೯೯೫ರವರೆಗಿನ ರೈತರ ಹೊಲಗಳ ಲೆಕ್ಕವನ್ನೇ ಹಿಡಿದು ನೋಡಿದರು. ಅದೇ ಕಾಲದಲ್ಲಿ ಪಂಚಾಯಿತಿಗಳು ಬೀಜ ಗೊಬ್ಬರಗಳ ಸಣ್ಣ ಗಂಟುಗಳನ್ನು ಸಹಾಯಧನದಲ್ಲಿ ರೈತರಿಗೆ ಹಂಚಿದ್ದವು. ಎಕರೆಯ ಉತ್ಪನ್ನ ಹೆಚ್ಚಿದ್ದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಈ ಗಂಟುಗಳಿಂದ ಬಂದದ್ದು, ಬರ್ಗಾ ದಾಖಲೆಯ ಫಲ ಅದಕ್ಕಿಂತ ಬಹಳ ಕಡಿಮೆ ಎಂದು ೨೦೧೧ರಲ್ಲಿ ಅವರು ಹೇಳಿದರು. ಇಬ್ಬರಲ್ಲಿ ಯಾರ ಮಾತು ಸರಿಯಾದರೂ ನಮಗೆ ಸಿಗುವ ಪಾಠ ದೊಡ್ಡದೇ. ಬೀಜದ ಗಂಟು ಬಡ ರೈತನ ಮನೆಗೆ ಮುಟ್ಟಿದ್ದೂ ಚುನಾವಣೆಯಿಂದ ಬಂದ ಪಂಚಾಯಿತಿ ಎಂಬ ಕಟ್ಟಳೆಯ ಮೂಲಕ. ಹಕ್ಕು ಮಾತ್ರ ಸಾಲದು, ಅದರೊಡನೆ ಬೀಜ ಬೇಕು. ಬೀಜ ಮಾತ್ರ ಸಾಲದು, ಅದು ತಲುಪುವ ದಾರಿ ಬೇಕು.

ನಮ್ಮ ನಾಡಿನ ಸಂಗತಿ

ನಮ್ಮಲ್ಲಿಯೂ ಇಂಥ ದೊಡ್ಡ ಬದಲಾವಣೆ ಆಗಿದೆ. ೧೯೬೧ರ ಭೂಸುಧಾರಣಾ ಕಾಯಿದೆಗೆ ದೇವರಾಜ ಅರಸರ ಕಾಲದಲ್ಲಿ ಬಲವಾದ ತಿದ್ದುಪಡಿ ಬಂತು. ೧೯೭೪ರ ಮಾರ್ಚ್ ೧ರಂದು ಗೇಣಿ ಜಮೀನುಗಳೆಲ್ಲ ಸರ್ಕಾರದ ವಶಕ್ಕೆ ಬಂದು, ಉಳುತ್ತಿದ್ದವನು ‘ಫಾರಂ ನಂಬರ್ ೭’ ತುಂಬಿ ಅರ್ಜಿ ಹಾಕಿದರೆ ಭೂನ್ಯಾಯ ಮಂಡಳಿ ವಿಚಾರಿಸಿ ಅವನಿಗೆ ಒಡೆತನ ಕೊಡುವ ವ್ಯವಸ್ಥೆಯಾಯಿತು. ಆ ಫಾರಮ್ಮಿನ ಹೆಸರನ್ನು ನಿಮ್ಮ ಅಜ್ಜಂದಿರ ಬಾಯಲ್ಲಿ ಕೇಳಿರುತ್ತೀರಿ. ಕರಾವಳಿ ಮಲೆನಾಡುಗಳಲ್ಲಿ ಎಷ್ಟೋ ಮನೆಗಳ ತೋಟ ಗದ್ದೆಗಳ ಕತೆ ಅಲ್ಲಿಂದಲೇ ಆರಂಭ. ಅರ್ಜಿ ಹಾಕಿದವನು ಒಡೆಯನಾದ. ಅಂಜಿಕೆಯಿಂದಲೋ ದಾಕ್ಷಿಣ್ಯದಿಂದಲೋ ಅರ್ಜಿ ಹಾಕದವನು ಇದ್ದಂತೆಯೇ ಉಳಿದ. ಕಾನೂನು ಇಬ್ಬರಿಗೂ ಒಂದೇ ಇತ್ತೆಂಬುದನ್ನು ಮರೆಯಬೇಡಿ.

ಒಳ್ಳೆಯ ಕಟ್ಟಳೆಯೂ ಕಾಲ ಕಳೆದಂತೆ ಹೊಸ ತೊಡಕನ್ನು ತರುವುದುಂಟು. ಆ ಕಾಯಿದೆಯಿಂದ, ಸೈನಿಕರು ಮುಂತಾದ ಕೆಲವರ ಜಮೀನನ್ನು ಬಿಟ್ಟರೆ, ಕೃಷಿ ಭೂಮಿಯನ್ನು ಗೇಣಿಗೆ ಕೊಡುವುದೇ ನಿಷೇಧವಾಯಿತು. ಆದರೆ ಮಕ್ಕಳು ಪಟ್ಟಣ ಸೇರಿ, ಉಳುವವರಿಲ್ಲದ ಮನೆಗಳು ಈಗ ಪ್ರತಿ ಊರಿನಲ್ಲಿಯೂ ಇವೆ. ಆ ಹೊಲಗಳನ್ನು ವಾರಕ್ಕೆ, ಕೋರಿಗೆ, ಗುತ್ತಿಗೆಗೆ ಮಾಡುವವರೂ ಇದ್ದಾರೆ. ಎಲ್ಲವೂ ಬಾಯಿಮಾತಿನಲ್ಲಿ, ಕಾಗದವಿಲ್ಲ. ಕಾಗದ ಮಾಡಿದರೆ ಹೊಲ ಕೈಬಿಟ್ಟೀತೆಂದು ಒಡೆಯನಿಗೆ ಭಯ. ಕಾಗದವಿಲ್ಲದೆ ಬರುವ ವರ್ಷ ಹೊಲ ಉಳಿದೀತೋ ಇಲ್ಲವೋ ಎಂದು ಮಾಡುವವನಿಗೆ ಭಯ. ಬದು ಹಾಕಿಸುವವರು ಯಾರು? ಕೆರೆಯ ಗೋಡು ಹೊಡೆಸುವವರು ಯಾರು? ಪಹಣಿಯಲ್ಲಿ ಹೆಸರಿಲ್ಲದವನಿಗೆ ಬೆಳೆ ನಷ್ಟದ ಪರಿಹಾರ ಸಿಗುವುದು ಕಷ್ಟ. ಬೆವರು ಒಬ್ಬನದು, ಪರಿಹಾರ ಇನ್ನೊಬ್ಬನ ಖಾತೆಗೆ.

ಇಂಥವರಿಗೆ ಒಂದು ದಾರಿ ಇದೆ, ಬಹಳ ಜನಕ್ಕೆ ತಿಳಿದಿಲ್ಲ. ಕಿಸಾನ್ ಕ್ರೆಡಿಟ್ ಕಾರ್ಡಿನ ನಿಯಮಗಳಲ್ಲಿ ಬಾಯಿಮಾತಿನ ಗೇಣಿದಾರರಿಗೂ ಪಾಲಿಗೆ ಮಾಡುವವರಿಗೂ ಅವಕಾಶವಿದೆ. ಅಲ್ಲದೆ ೪ರಿಂದ ೧೦ ಜನ ಸೇರಿ, ಒಬ್ಬರಿಗೊಬ್ಬರು ಜವಾಬ್ದಾರರಾಗಿ, ಜಂಟಿ ಬಾಧ್ಯತಾ ಗುಂಪು ಮಾಡಿಕೊಂಡರೆ ಜಮೀನಿನ ಪತ್ರವಿಲ್ಲದೆ ಬ್ಯಾಂಕಿನಿಂದ ಸಾಲ ಪಡೆಯುವ ಯೋಜನೆ ನಬಾರ್ಡ್ ಸಂಸ್ಥೆಯದಿದೆ. ಒಬ್ಬೊಬ್ಬರೇ ಹೋಗಿ ಬರಿಗೈಯಲ್ಲಿ ಬಂದವರು ಹತ್ತು ಜನ ಕೂಡಿ ಹೋಗಿ ಕೇಳಿ ನೋಡಿ.

ಪಂಚಾಯಿತಿಯ ಕುರ್ಚಿ, ಗ್ರಾಮಸಭೆಯ ಚಾಪೆ

ಕೊನೆಯದಾಗಿ ಊರಿನ ಕಟ್ಟಳೆಯ ಮಾತು. ೧೯೯೩ರಲ್ಲಿ ಸಂವಿಧಾನದ ೭೩ನೆಯ ತಿದ್ದುಪಡಿ ಜಾರಿಗೆ ಬಂದು, ಪಂಚಾಯಿತಿಗಳಲ್ಲಿ ಮೂರನೆಯ ಒಂದು ಭಾಗದ ಸ್ಥಾನಗಳೂ ಅಧ್ಯಕ್ಷ ಪದವಿಗಳೂ ಸ್ತ್ರೀಯರಿಗೆ ಮೀಸಲಾದವು. ನಮ್ಮ ರಾಜ್ಯ ೧೯೮೭ರ ಮಂಡಲ ಪಂಚಾಯಿತಿ ಚುನಾವಣೆಯಲ್ಲಿಯೇ ನಾಲ್ಕನೆಯ ಒಂದು ಭಾಗವನ್ನು ಕೊಟ್ಟಿತ್ತು. ಈಗ ಅರ್ಧ ಕೊಟ್ಟಿದೆ. ‘ಹೆಂಗಸರು ಕುರ್ಚಿಯಲ್ಲಿ ಕುಳಿತರೇನು, ನಡೆಸುವವರು ಮನೆಯ ಗಂಡಸರೇ’ ಎಂಬ ಮಾತು ಎಲ್ಲ ಕಟ್ಟೆಗಳಲ್ಲಿಯೂ ಕೇಳಿಬರುತ್ತದೆ. ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೋ ಎಂಬವರು ಇದನ್ನು ಪರೀಕ್ಷಿಸಿದರು. ಮೀಸಲಾತಿ ಯಾವ ಪಂಚಾಯಿತಿಗೆ ಬರಬೇಕೆಂಬುದು ಸರದಿಯ ಮೇಲೆ, ಚೀಟಿ ಎತ್ತಿದಂತೆ ಗೊತ್ತಾಗುವುದರಿಂದ ಎರಡು ಪಟ್ಟೆಗಳ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಹೊಲ ಬೇರೆಯಿಲ್ಲ. ಪಶ್ಚಿಮ ಬಂಗಾಳದ ಬೀರ್‌ಭೂಮ್, ರಾಜಸ್ಥಾನದ ಉದಯಪುರ ಜಿಲ್ಲೆಗಳ ೨೬೫ ಪಂಚಾಯಿತಿಗಳ ಲೆಕ್ಕ ೨೦೦೪ರಲ್ಲಿ ಹೊರಬಂತು. ಎರಡು ಕಡೆಯೂ ಅಧ್ಯಕ್ಷೆಯಿದ್ದ ಪಂಚಾಯಿತಿಗಳಲ್ಲಿ ಕುಡಿಯುವ ನೀರಿಗೆ ಹೆಚ್ಚು ಕೆಲಸ ನಡೆದಿತ್ತು. ಎರಡು ಕಡೆಯೂ ಹೆಂಗಸರು ಹೆಚ್ಚಾಗಿ ಹೇಳಿಕೊಳ್ಳುತ್ತಿದ್ದ ಕಷ್ಟವೂ ನೀರಿನದೇ. ಕೊಡ ಹೊತ್ತವರಿಗೆ ಕೊಡದ ಭಾರ ಗೊತ್ತು.

ಕುರ್ಚಿಯ ಮೇಲೆ ಯಾರು ಎಂಬುದರಷ್ಟೇ ಎದುರಿಗೆ ಚಾಪೆಯ ಮೇಲೆ ಎಷ್ಟು ಜನ ಎಂಬುದೂ ಮುಖ್ಯ. ತಿಮೋತಿ ಬೆಸ್ಲಿ, ರೋಹಿಣಿ ಪಾಂಡೆ, ವಿಜಯೇಂದ್ರ ರಾವ್ ಮತ್ತು ಸಂಗಡಿಗರು ಕರ್ನಾಟಕವೂ ಸೇರಿದಂತೆ ದಕ್ಷಿಣದ ನಾಲ್ಕು ರಾಜ್ಯಗಳ ೫೦೦ಕ್ಕೂ ಹೆಚ್ಚು ಹಳ್ಳಿಗಳನ್ನು ಸುತ್ತಿ ವಿಚಾರಿಸಿದರು. ಅಧ್ಯಕ್ಷರ ಸ್ವಂತ ಊರಿಗೆ ಕಾಮಗಾರಿ ಹೆಚ್ಚು, ಪಂಚಾಯಿತಿ ಸದಸ್ಯರ ಮನೆಗೆ ಬಡವರ ಪಡಿತರ ಕಾರ್ಡು ಸಿಗುವ ಸಂಭವ ಹೆಚ್ಚು ಎಂದು ಕಂಡುಬಂತು. ಬೇಲಿಯೇ ಎದ್ದು ಹೊಲ ಮೇಯ್ದಂತೆ! ಆದರೆ ಗ್ರಾಮಸಭೆ ನಿಜವಾಗಿ ಸೇರಿದ ಊರುಗಳಲ್ಲಿ ಕಾರ್ಡುಗಳು ಭೂಮಿಯಿಲ್ಲದವರಿಗೆ, ಅಕ್ಷರ ಬಾರದವರಿಗೆ ಹೆಚ್ಚಾಗಿ ತಲುಪಿದ್ದವು ಎಂದು ೨೦೦೫ರಲ್ಲಿ ಅವರು ಬರೆದರು. ಬೇಲಿ ಹೊಲ ಮೇಯದಂತೆ ಕಾಯುವ ಕಾವಲುಗಾರ ನೀವೇ.

ಬಾಂಧವರೆ, ಇಷ್ಟೆಲ್ಲ ಹೇಳಿದ್ದರ ತಾತ್ಪರ್ಯ ಒಂದೇ. ಕಟ್ಟಳೆಯೂ ಬೀಜದಂತೆ. ಒಳ್ಳೆಯ ಬೀಜವಾದರೂ ಚೀಲದಲ್ಲಿದ್ದರೆ ಮೊಳೆಯುವುದಿಲ್ಲ. ಬಂಗಾಳದಲ್ಲಿ ಸಂಜೆಯ ಸಭೆ ಸೇರುವ ತನಕ ಕಾನೂನು ಮೊಳೆಯಲಿಲ್ಲ. ನಮ್ಮಲ್ಲಿ ಫಾರಂ ತುಂಬುವ ತನಕ ಭೂಮಿ ಕೈಗೆ ಬರಲಿಲ್ಲ. ಮಳೆ ನಮ್ಮ ಕೈಯಲ್ಲಿಲ್ಲ, ಪೇಟೆಯ ಧಾರಣೆ ನಮ್ಮ ಕೈಯಲ್ಲಿಲ್ಲ. ಕಟ್ಟಳೆ ಮಾತ್ರ ಕೆಲವು ಪಾಲಾದರೂ ನಮ್ಮ ಕೈಯಲ್ಲಿದೆ.

ಆದುದರಿಂದ ಮೂರು ಕೆಲಸಗಳನ್ನು ಮಾಡಿ. ಈ ತಿಂಗಳಲ್ಲಿಯೇ ನಿಮ್ಮ ಪಹಣಿಯನ್ನು ತೆಗೆಸಿ ಓದಿ, ಓದಿಸಿ. ತೀರಿಹೋದ ಹಿರಿಯರ ಹೆಸರಿನಲ್ಲಿಯೇ ಇದ್ದರೆ ಪೌತಿ ಖಾತೆಗೆ ಅರ್ಜಿ ಕೊಡಿ. ಮನೆಯ ಹೆಣ್ಣುಮಕ್ಕಳ ಹಕ್ಕನ್ನು ಮರೆಯಬೇಡಿ. ಪಾಲಿಗೆ ಮಾಡುವವರು ಒಂದು ಗುಂಪು ಕಟ್ಟಿ ಬ್ಯಾಂಕಿಗೆ ಹೋಗಿ. ಮುಂದಿನ ಗ್ರಾಮಸಭೆಗೆ ಮನೆಯಿಂದ ಒಬ್ಬರಲ್ಲ, ಗಂಡ ಹೆಂಡಿರಿಬ್ಬರೂ ಬನ್ನಿ. ಫಲಾನುಭವಿಗಳ ಪಟ್ಟಿಯನ್ನು ಗಟ್ಟಿಯಾಗಿ ಓದಿ ಹೇಳಿರೆಂದು ಕೇಳಿ. ನಿರ್ಣಯ ಬರೆದ ಮೇಲೆ ಅದನ್ನು ಇನ್ನೊಮ್ಮೆ ಓದಿಸಿ, ಆಮೇಲೆ ರುಜು ಹಾಕಿ.

ಒಂದು ದಿನದ ಕೂಲಿ ಹೋಗಬಹುದು. ಆ ಒಂದು ದಿನ ನಾವು ಬಾರದಿದ್ದರೆ ನಮ್ಮ ಪಾಲನ್ನು ಬೇರೆಯವರು ಬರೆದಿಡುತ್ತಾರೆ. ಅದನ್ನು ಅಳಿಸಲು ನಮ್ಮ ಮಕ್ಕಳು ಎಷ್ಟು ದಿನ ಕಚೇರಿಗೆ ಅಲೆಯಬೇಕೋ ತಿಳಿಯದು.